ಮೆಟಾಮೆಟೀರಿಯಲ್ ಪ್ರಸರಣ ಪಥಗಳು ಮತ್ತು ಹೊಂದಿಸಬಲ್ಲ ಸೂಕ್ಷ್ಮತರಂಗ ಪ್ರಾವಸ್ಥಾ ಪಲ್ಲಟಕಗಳ ವಿನ್ಯಾಸ

1. ಪೀಠಿಕೆ

ವಿದ್ಯುತ್ಕಾಂತೀಯ ತರಂಗವೊಂದರ ಸ್ವರೂಪವನ್ನು ನಿರ್ಧರಿಸುವ ಮೂರು ಅಂಶಗಳೆಂದರೆ ಪಾರ, ಆವೃತ್ತಿ ಮತ್ತು ಪ್ರಾವಸ್ಥೆ. ತರಂಗವು ಎಷ್ಟು ಬಲವಾಗಿದೆ ಎಂಬುದನ್ನು ಪಾರವೂ, ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬುದನ್ನು ಆವೃತ್ತಿಯೂ ತಿಳಿಸುತ್ತವೆ. ಗೊತ್ತಾದ ಒಂದು ಕ್ಷಣದಲ್ಲಿ ತರಂಗವು ತನ್ನ ಆವರ್ತದ ಯಾವ ಘಟ್ಟದಲ್ಲಿದೆ ಎಂಬುದನ್ನು ತಿಳಿಸುವುದು ಪ್ರಾವಸ್ಥೆ. ಒಂದು ಪೂರ್ಣ ಆವರ್ತವನ್ನು 360 ಡಿಗ್ರಿಗಳೆಂದು ಎಣಿಸುವುದು ರೂಢಿ. ಮಂಡಲದ ಮೂಲಕ ಸಾಗುವ ತರಂಗದ ಪಾರವನ್ನು ಆದಷ್ಟೂ ಬದಲಿಸದೆ, ಪ್ರಾವಸ್ಥೆಯನ್ನು ಮಾತ್ರ ಬೇಕಾದಷ್ಟು ಡಿಗ್ರಿ ಹಿಂದಕ್ಕೆ ಅಥವಾ ಮುಂದಕ್ಕೆ ಸರಿಸುವ ಸಾಧನಕ್ಕೆ ಪ್ರಾವಸ್ಥಾ ಪಲ್ಲಟಕವೆಂದು ಹೆಸರು. ಸರಿಸುವ ಪ್ರಮಾಣವನ್ನು ವೋಲ್ಟೇಜಿನ ಮೂಲಕ ಇಚ್ಛಾನುಸಾರ ಬದಲಿಸಲು ಸಾಧ್ಯವಾದರೆ ಅದು ಹೊಂದಿಸಬಲ್ಲ ಪಲ್ಲಟಕವಾಗುತ್ತದೆ.

ಈ ಸಾಧನದ ಮಹತ್ವ ಸ್ಪಷ್ಟವಾಗುವುದು ಆಂಟೆನಾ ಸರಣಿಗಳಲ್ಲಿ. ಅರ್ಧ ತರಂಗಾಂತರದ ಅಂತರದಲ್ಲಿ ಸಾಲಾಗಿ ನಿಲ್ಲಿಸಿದ ಆಂಟೆನಾಗಳಿಗೆಲ್ಲ ಒಂದೇ ಪ್ರಾವಸ್ಥೆಯ ಸಂಕೇತವನ್ನು ಉಣಿಸಿದರೆ ಕಿರಣಪುಂಜವು ಸಾಲಿಗೆ ಲಂಬವಾಗಿ ಹೊರಡುತ್ತದೆ. ನೆರೆಹೊರೆಯ ಆಂಟೆನಾಗಳ ನಡುವೆ 90 ಡಿಗ್ರಿಗಳ ಪ್ರಾವಸ್ಥಾ ವ್ಯತ್ಯಾಸವನ್ನು ಇರಿಸಿದರೆ ಅದೇ ಪುಂಜವು 30 ಡಿಗ್ರಿಗಳಷ್ಟು ಪಕ್ಕಕ್ಕೆ ವಾಲುತ್ತದೆ. ಆಂಟೆನಾವನ್ನು ಕದಲಿಸದೆ, ಪ್ರಾವಸ್ಥೆಯನ್ನಷ್ಟೇ ಬದಲಿಸಿ ಆಕಾಶದ ಬೇರೆ ಬೇರೆ ದಿಕ್ಕುಗಳನ್ನು ನೋಡಬಹುದು. 1970ರ ದಶಕದಲ್ಲಿ ರಾಮನ್ ಸಂಶೋಧನ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು ಜೊತೆಗೂಡಿ ಗೌರಿಬಿದನೂರಿನಲ್ಲಿ ಸ್ಥಾಪಿಸಿದ ರೇಡಿಯೋ ದೂರದರ್ಶಕ ಇದಕ್ಕೆ ಹತ್ತಿರದ ನಿದರ್ಶನ. 34.5 ಮೆಗಾಹರ್ಟ್ಸ್ ಆವೃತ್ತಿಗಾಗಿ ರೂಪಿಸಿದ ಆ ಸರಣಿಯಲ್ಲಿ ಸುಮಾರು ಸಾವಿರ ದ್ವಿಧ್ರುವ ಆಂಟೆನಾಗಳು ನೆಲದ ಮೇಲೆ ಸ್ಥಿರವಾಗಿ ನಿಂತಿದ್ದವು. ಉತ್ತರ–ದಕ್ಷಿಣ ದಿಕ್ಕಿನಲ್ಲಿ ಅದರ ನೋಟವನ್ನು ತಿರುಗಿಸುತ್ತಿದ್ದುದು ಪ್ರಾವಸ್ಥಾ ಪಲ್ಲಟಕಗಳು.

ಸೂಕ್ಷ್ಮತರಂಗಗಳ ವಲಯದಲ್ಲಿ, ಅಂದರೆ ಸಾಮಾನ್ಯವಾಗಿ 1 ಗಿಗಾಹರ್ಟ್ಸ್‌ನಿಂದ ಮೇಲಕ್ಕೆ, ತತ್ತ್ವ ಬದಲಾಗುವುದಿಲ್ಲ. ಆದರೆ ಸಾಧನದ ಗಾತ್ರ, ನಷ್ಟ ಮತ್ತು ವೆಚ್ಚಗಳು ಕಠಿಣವಾದ ಪ್ರಶ್ನೆಗಳಾಗುತ್ತವೆ. ಸರಣಿಯ ರೇಡಾರೊಂದರಲ್ಲಿ ಸಾವಿರಾರು ಆಂಟೆನಾಗಳಿದ್ದರೆ ಪಲ್ಲಟಕಗಳೂ ಸಾವಿರಾರು ಬೇಕು. ಇಂತಹ ಸರಣಿಗಳು ದೀರ್ಘಕಾಲ ರಕ್ಷಣಾ ಕ್ಷೇತ್ರಕ್ಕೆ ಸೀಮಿತವಾಗಿ ಉಳಿದುದಕ್ಕೆ ಪಲ್ಲಟಕಗಳ ಬೆಲೆ ಮತ್ತು ತೂಕ ಒಂದು ಪ್ರಧಾನ ಕಾರಣ. ಆದುದರಿಂದ ಪಲ್ಲಟಕವನ್ನು ಕಿರಿದಾಗಿ, ಅಗ್ಗವಾಗಿ, ಕಡಿಮೆ ನಷ್ಟದಲ್ಲಿ ನಿರ್ಮಿಸುವ ಯಾವ ಮಾರ್ಗವಾದರೂ ಪರಿಶೀಲನೆಗೆ ಅರ್ಹ. ಮೆಟಾಮೆಟೀರಿಯಲ್ ಪ್ರಸರಣ ಪಥ ಅಂತಹ ಒಂದು ಮಾರ್ಗ. ಅದು ಏನನ್ನು ಕೊಡುತ್ತದೆ ಮತ್ತು ಏನನ್ನು ಕೊಡುವುದಿಲ್ಲ ಎಂಬುದನ್ನು ಲೆಕ್ಕದ ಸಹಿತ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ರೂಢಿಯ ಪಲ್ಲಟಕಗಳು

ಅತ್ಯಂತ ಸರಳವಾದ ಪಲ್ಲಟಕವೆಂದರೆ ಒಂದು ತುಂಡು ಪ್ರಸರಣ ಪಥ. ತರಂಗವು ಪಥದಲ್ಲಿ ಸಾಗಿದಷ್ಟೂ ಅದರ ಪ್ರಾವಸ್ಥೆ ಹಿಂದೆ ಬೀಳುತ್ತದೆ. ಒಂದು ತರಂಗಾಂತರದಷ್ಟು ಉದ್ದಕ್ಕೆ 360 ಡಿಗ್ರಿಗಳ ಹಿನ್ನಡೆ. ಭಿನ್ನ ಉದ್ದದ ತುಂಡುಗಳನ್ನು ಡಯೋಡ್ ಸ್ವಿಚ್ಚುಗಳ ಮೂಲಕ ಒಳಗೆ ಹೊರಗೆ ಜೋಡಿಸಿದರೆ ಹಂತ ಹಂತವಾಗಿ ಬದಲಾಗುವ ಪಲ್ಲಟಕ ದೊರೆಯುತ್ತದೆ. ಫೆರೈಟ್ ಎಂಬ ಕಾಂತೀಯ ಪಿಂಗಾಣಿಯನ್ನು ತರಂಗನಳಿಕೆಯಲ್ಲಿ ಇರಿಸಿ, ಕಾಂತಕ್ಷೇತ್ರದಿಂದ ಅದರ ಗುಣವನ್ನು ಬದಲಿಸುವುದು ಎರಡನೆಯ ವಿಧಾನ. ಇದು ಹೆಚ್ಚಿನ ಶಕ್ತಿಯನ್ನು ತಾಳಿಕೊಳ್ಳುತ್ತದೆಯಾದರೂ ತೂಕ ಹೆಚ್ಚು. ಪಥದ ಉದ್ದಕ್ಕೂ ಬದಲಾಗುವ ಧಾರಕಗಳನ್ನು ಹೇರಿ, ತರಂಗದ ವೇಗವನ್ನೇ ತಗ್ಗಿಸುವುದು ಮೂರನೆಯ ವಿಧಾನ.

ಮೂರೂ ವಿಧಾನಗಳಿಗೆ ಸಮಾನವಾದ ಒಂದು ಮಿತಿ ಇದೆ. ಪಥವು ಕೊಡಬಲ್ಲುದು ಹಿನ್ನಡೆಯನ್ನು ಮಾತ್ರ. ನಿವ್ವಳ ಪ್ರಾವಸ್ಥೆ ಸೊನ್ನೆಯಾಗಬೇಕಾದರೆ ಪೂರ್ತಿ ಒಂದು ತರಂಗಾಂತರದ ಉದ್ದವನ್ನು ಸುತ್ತಿ ಬರಬೇಕು. 10 ಡಿಗ್ರಿಗಳ ಮುನ್ನಡೆ ಬೇಕಾದರೆ 350 ಡಿಗ್ರಿಗಳ ಹಿನ್ನಡೆಯನ್ನು ಕಟ್ಟಬೇಕು. ಪಥ ಉದ್ದವಾದಷ್ಟೂ ಆವೃತ್ತಿಯ ಸಣ್ಣ ಬದಲಾವಣೆಯೂ ದೊಡ್ಡ ಪ್ರಾವಸ್ಥಾ ದೋಷವಾಗಿ ಪರಿಣಮಿಸುತ್ತದೆ. ಮುನ್ನಡೆಯನ್ನು ನೇರವಾಗಿ ಕೊಡಬಲ್ಲ ಪಥವೊಂದು ಇದ್ದರೆ ಈ ತೊಡಕು ನಿವಾರಣೆಯಾಗುತ್ತದೆ.

3. ಎಡಗೈ ಮಾಧ್ಯಮದಿಂದ ಎಡಗೈ ಪಥಕ್ಕೆ

ಸಾಮಾನ್ಯ ಮಾಧ್ಯಮದಲ್ಲಿ ತರಂಗದ ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಮತ್ತು ಪ್ರಾವಸ್ಥೆ ಸಾಗುವ ದಿಕ್ಕು ಇವು ಬಲಗೈ ನಿಯಮವನ್ನು ಅನುಸರಿಸುತ್ತವೆ. ಮಾಧ್ಯಮದ ವಿದ್ಯುತ್ ಗುಣಾಂಕ ಮತ್ತು ಕಾಂತೀಯ ಗುಣಾಂಕಗಳೆರಡೂ ಏಕಕಾಲಕ್ಕೆ ಋಣಾತ್ಮಕವಾದರೆ ಏನಾಗುತ್ತದೆ ಎಂಬುದನ್ನು ಸೋವಿಯತ್ ಭೌತವಿಜ್ಞಾನಿ ವಿಕ್ಟರ್ ವೆಸೆಲಾಗೊ 1967ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿಶ್ಲೇಷಿಸಿದರು. ಆಗ ಮೂರೂ ದಿಕ್ಕುಗಳು ಎಡಗೈ ನಿಯಮಕ್ಕೆ ಒಳಪಡುತ್ತವೆ. ಶಕ್ತಿಯು ಮುಂದಕ್ಕೆ ಸಾಗುವಾಗ ತರಂಗದ ಏರಿಳಿತಗಳು ಹಿಂದಕ್ಕೆ ಸಾಗುತ್ತವೆ. ವಕ್ರೀಭವನ ಸೂಚಿ ಋಣಾತ್ಮಕವಾಗುತ್ತದೆ. ನಿಸರ್ಗದಲ್ಲಿ ಇಂತಹ ವಸ್ತು ದೊರೆಯದ ಕಾರಣ ಈ ಚಿಂತನೆ ಮೂರು ದಶಕಗಳ ಕಾಲ ಕಾಗದದ ಮೇಲೆಯೇ ಉಳಿಯಿತು.

ಇಂಗ್ಲೆಂಡಿನ ಜಾನ್ ಪೆಂಡ್ರಿ ಮತ್ತು ಸಹೋದ್ಯೋಗಿಗಳು ತೆಳು ತಂತಿಗಳ ಜಾಲದಿಂದ ಋಣಾತ್ಮಕ ವಿದ್ಯುತ್ ಗುಣಾಂಕವನ್ನು 1996ರಲ್ಲಿಯೂ, ಸೀಳಿದ ಲೋಹದ ಉಂಗುರಗಳಿಂದ ಋಣಾತ್ಮಕ ಕಾಂತೀಯ ಗುಣಾಂಕವನ್ನು 1999ರಲ್ಲಿಯೂ ಪಡೆಯುವ ದಾರಿಯನ್ನು ತೋರಿಸಿದರು. 2000 ಮತ್ತು 2001ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಸಂಶೋಧಕರು ಇವೆರಡನ್ನೂ ಸೇರಿಸಿ, ಸೂಕ್ಷ್ಮತರಂಗಗಳ ಋಣಾತ್ಮಕ ವಕ್ರೀಭವನವನ್ನು ಪ್ರಯೋಗದಿಂದ ಸಾಧಿಸಿ ತೋರಿಸಿದರು. ಆದರೆ ಉಂಗುರಗಳು ಅನುರಣನದ ಬಲದಿಂದ ಕೆಲಸ ಮಾಡುವುದರಿಂದ ಅವುಗಳ ಆವೃತ್ತಿ ವ್ಯಾಪ್ತಿ ಕಿರಿದು, ನಷ್ಟ ಹೆಚ್ಚು. ಮಂಡಲ ನಿರ್ಮಾಪಕರಿಗೆ ಇವೆರಡೂ ಅನನುಕೂಲಗಳೇ.

2002ರಲ್ಲಿ ಇದಕ್ಕೆ ಭಿನ್ನವಾದ ದಾರಿಯೊಂದು ತೆರೆಯಿತು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಎಲೆಫ್ತೆರಿಯಾಡಿಸ್ ಅವರ ತಂಡ, ಲಾಸ್ ಏಂಜಲೀಸ್‌ನಲ್ಲಿ ಕ್ರಿಸ್ಟೋಫ್ ಕಲೋಜ಼್ ಮತ್ತು ತತ್ಸುವೊ ಇತೊ ಅವರ ತಂಡ ಹಾಗೂ ನ್ಯೂಯಾರ್ಕಿನ ಆರ್ಥರ್ ಓಲಿನರ್ ಇವರು ಎಡಗೈ ಗುಣವನ್ನು ಪ್ರಸರಣ ಪಥದ ಭಾಷೆಯಲ್ಲಿಯೇ ವಿವರಿಸಿದರು. ಹಿಮ್ಮುಖ ತರಂಗಗಳು ನಿರ್ವಾತ ನಳಿಕೆಗಳ ಕಾಲದಿಂದಲೂ ಪರಿಚಿತವಾಗಿದ್ದವು. ಅವುಗಳನ್ನು ಮುದ್ರಿತ ಮಂಡಲದ ಫಲಕದ ಮೇಲೆ ಸಾಮಾನ್ಯ ಧಾರಕ ಮತ್ತು ಪ್ರೇರಕಗಳಿಂದ, ಅನುರಣನದ ಹಂಗಿಲ್ಲದೆ, ಕೃತಕ ಮಾಧ್ಯಮವೆಂಬಂತೆ ಕಟ್ಟಬಹುದು ಎಂಬುದು ಈ ಹೊಸ ದೃಷ್ಟಿಯ ಸಾರ.

4. ಪಥದ ತತ್ತ್ವ

ಸಾಮಾನ್ಯ ಪ್ರಸರಣ ಪಥವನ್ನು ಸಣ್ಣ ಸಣ್ಣ ಕೋಶಗಳಾಗಿ ವಿಭಜಿಸಿ ಕಲ್ಪಿಸಿದರೆ ಪ್ರತಿ ಕೋಶದಲ್ಲಿ ತರಂಗದ ದಾರಿಗೆ ಸರಣಿಯಾಗಿ ಒಂದು ಪ್ರೇರಕ, ದಾರಿಯಿಂದ ಭೂಸಂಪರ್ಕಕ್ಕೆ ಅಡ್ಡಲಾಗಿ ಒಂದು ಧಾರಕ ಇರುತ್ತವೆ. ಇದರಲ್ಲಿ ಉಂಟಾಗುವ ಹಿನ್ನಡೆಯು ಆವೃತ್ತಿಯೊಂದಿಗೆ ನೇರ ಅನುಪಾತದಲ್ಲಿ ಹೆಚ್ಚುತ್ತದೆ. ಎರಡೂ ಘಟಕಗಳ ಸ್ಥಾನವನ್ನು ಅದಲುಬದಲು ಮಾಡಿ, ಸರಣಿಯಲ್ಲಿ ಧಾರಕವನ್ನೂ ಅಡ್ಡಲಾಗಿ ಪ್ರೇರಕವನ್ನೂ ಇರಿಸಿದರೆ ದೊರೆಯುವುದು ಎಡಗೈ ಪಥ. ಇದರಲ್ಲಿ ಪ್ರತಿ ಕೋಶವೂ ಪ್ರಾವಸ್ಥೆಗೆ ಮುನ್ನಡೆ ಕೊಡುತ್ತದೆ. ರೇಡಿಯನ್‌ಗಳಲ್ಲಿ ಈ ಮುನ್ನಡೆಯ ಬೆಲೆ ಸ್ಥೂಲವಾಗಿ, ಕೋನೀಯ ಆವೃತ್ತಿಯನ್ನು ಪ್ರೇರಕತೆ ಮತ್ತು ಧಾರಕತೆಗಳ ಗುಣಲಬ್ಧದ ವರ್ಗಮೂಲದಿಂದ ಗುಣಿಸಿ ಬಂದ ಸಂಖ್ಯೆಯ ವ್ಯುತ್ಕ್ರಮ. ಆದ್ದರಿಂದ ಆವೃತ್ತಿ ಹೆಚ್ಚಿದಂತೆ ಮುನ್ನಡೆ ಕುಗ್ಗುತ್ತದೆ. ಪಥದ ವಿಶಿಷ್ಟ ಪ್ರತಿಬಾಧೆಯು, ಪ್ರೇರಕತೆಯನ್ನು ಧಾರಕತೆಯಿಂದ ಭಾಗಿಸಿ ಬಂದುದರ ವರ್ಗಮೂಲ.

ಮುನ್ನಡೆ ಎಂಬ ಮಾತಿನಿಂದ, ಸಂಕೇತವು ಒಳಬರುವ ಮೊದಲೇ ಹೊರಬೀಳುತ್ತದೆ ಎಂದು ಭಾವಿಸಬಾರದು. ಸಂಕೇತದ ವಿಳಂಬವನ್ನು ನಿರ್ಧರಿಸುವುದು ಪ್ರಾವಸ್ಥೆಯ ಬೆಲೆಯಲ್ಲ, ಆವೃತ್ತಿಯೊಂದಿಗೆ ಅದು ಬದಲಾಗುವ ದರ. ಬಲಗೈ ಪಥದಲ್ಲಿ ಹಿನ್ನಡೆ ಹೆಚ್ಚುತ್ತ ಹೋಗುತ್ತದೆ, ಎಡಗೈ ಪಥದಲ್ಲಿ ಮುನ್ನಡೆ ಕುಗ್ಗುತ್ತ ಹೋಗುತ್ತದೆ. ಎರಡರಲ್ಲಿಯೂ ಬದಲಾವಣೆಯ ದಿಕ್ಕು ಒಂದೇ ಆದುದರಿಂದ ವಿಳಂಬ ಎರಡರಲ್ಲಿಯೂ ಧನಾತ್ಮಕವೇ. ಕಾರ್ಯಕಾರಣ ನಿಯಮಕ್ಕೆ ಇಲ್ಲಿ ಯಾವ ಭಂಗವೂ ಇಲ್ಲ.

ಶುದ್ಧ ಎಡಗೈ ಪಥವು ವ್ಯವಹಾರದಲ್ಲಿ ಅಸಾಧ್ಯ. ಘಟಕಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳಿಗೂ ಉದ್ದವಿರುವುದರಿಂದ ಬಲಗೈ ಪಥದ ಅಂಶ ತಾನಾಗಿಯೇ ಸೇರಿಕೊಳ್ಳುತ್ತದೆ. ಹೀಗೆ ದೊರೆಯುವ ಸಂಯುಕ್ತ ಪಥದ ಪ್ರತಿ ಕೋಶದ ಸರಣಿ ಭುಜದಲ್ಲಿ ಪ್ರೇರಕ–ಧಾರಕಗಳ ಜೋಡಿಯೊಂದು, ಅಡ್ಡ ಭುಜದಲ್ಲಿ ಇನ್ನೊಂದು ಜೋಡಿ ಇರುತ್ತವೆ. ಎರಡೂ ಜೋಡಿಗಳ ಅನುರಣನ ಆವೃತ್ತಿಗಳು ಬೇರೆ ಬೇರೆಯಾದರೆ ಅವುಗಳ ನಡುವಣ ಆವೃತ್ತಿಗಳಲ್ಲಿ ತರಂಗ ಸಾಗುವುದೇ ಇಲ್ಲ. ಅಲ್ಲೊಂದು ನಿಷಿದ್ಧ ಪಟ್ಟಿ ಏರ್ಪಡುತ್ತದೆ. ಎರಡೂ ಆವೃತ್ತಿಗಳು ಒಂದಾದರೆ ಪಥವು ಸಮತೋಲದಲ್ಲಿದೆ ಎನ್ನುತ್ತಾರೆ. ಸಮತೋಲದ ಪಥದಲ್ಲಿ ಬಲಗೈ ಅಂಶದ ಹಿನ್ನಡೆ ಮತ್ತು ಎಡಗೈ ಅಂಶದ ಮುನ್ನಡೆಗಳನ್ನು ನೇರವಾಗಿ ಕೂಡಿಸಬಹುದು. ಪಥವು ಹಿನ್ನಡೆಯಿಂದ ಸೊನ್ನೆಯ ಮೂಲಕ ಮುನ್ನಡೆಗೆ ಎಲ್ಲಿಯೂ ಕಡಿದುಹೋಗದೆ ದಾಟುತ್ತದೆ. ಮುಂದಿನ ವಿನ್ಯಾಸವೆಲ್ಲ ಈ ಸಮತೋಲದ ನಿಬಂಧನೆಯನ್ನೇ ಅವಲಂಬಿಸಿದೆ.

5. ಸ್ಥಿರ ಪಲ್ಲಟಕದ ಲೆಕ್ಕ

ಉದಾಹರಣೆಗೆ 2 ಗಿಗಾಹರ್ಟ್ಸ್ ಆವೃತ್ತಿ, 50 ಓಮ್ ಪ್ರತಿಬಾಧೆ ಮತ್ತು ಪ್ರತಿ ಕೋಶಕ್ಕೆ 30 ಡಿಗ್ರಿಗಳ ಮುನ್ನಡೆಯನ್ನು ಗುರಿಯಾಗಿ ಇಟ್ಟುಕೊಳ್ಳಬಹುದು. ಮೇಲಿನ ಎರಡು ಸಂಬಂಧಗಳಿಂದ ಎಡಗೈ ಅಂಶಕ್ಕೆ ಬೇಕಾದ ಪ್ರೇರಕತೆ 7.6 ನ್ಯಾನೋಹೆನ್ರಿ, ಧಾರಕತೆ 3.04 ಪಿಕೋಫ್ಯಾರಡ್ ಎಂದು ದೊರೆಯುತ್ತದೆ. ಎರಡೂ ಫಲಕದ ಮೇಲೆ ಬೆಸೆಯಬಹುದಾದ ಸಣ್ಣ ಚಿಪ್ ಘಟಕಗಳಾಗಿ ಮಾರುಕಟ್ಟೆಯಲ್ಲಿ ಸಿಗುವ ಬೆಲೆಗಳಿಗೆ ಹತ್ತಿರವಾದವು. ಎಡಗೈ ಪಥವು ಒಂದು ಕನಿಷ್ಠ ಆವೃತ್ತಿಯ ಕೆಳಗೆ ತರಂಗವನ್ನು ಬಿಡುವುದಿಲ್ಲ. ಈ ಬೆಲೆಗಳಿಗೆ ಆ ಎಲ್ಲೆ ಸುಮಾರು 0.52 ಗಿಗಾಹರ್ಟ್ಸ್. ಕಾರ್ಯಾವೃತ್ತಿಯು ಅದರಿಂದ ಸಾಕಷ್ಟು ಮೇಲಿದೆ.

ಆತಿಥೇಯ ಪಥವು ಪರಿಣಾಮಕಾರಿ ವಿದ್ಯುತ್ ಗುಣಾಂಕ 2.25 ಇರುವ ಸೂಕ್ಷ್ಮಪಟ್ಟಿಯಾಗಿದ್ದರೆ 2 ಗಿಗಾಹರ್ಟ್ಸ್‌ನಲ್ಲಿ ಅದರೊಳಗಿನ ತರಂಗಾಂತರ 100 ಮಿಲಿಮೀಟರ್. ಅದರ 8.3 ಮಿಲಿಮೀಟರ್ ತುಂಡು 30 ಡಿಗ್ರಿಗಳ ಹಿನ್ನಡೆ ಕೊಡುತ್ತದೆ. ಈ ತುಂಡಿನೊಳಗೆ ಮೇಲೆ ಹೇಳಿದ ಧಾರಕ ಮತ್ತು ಪ್ರೇರಕಗಳನ್ನು ಅಳವಡಿಸಿದರೆ ನಿವ್ವಳ ಪ್ರಾವಸ್ಥೆ ಸೊನ್ನೆ. ರೂಢಿಯ ಪಥದಲ್ಲಿ ಇದೇ ಫಲಕ್ಕೆ 100 ಮಿಲಿಮೀಟರ್ ಬೇಕಿತ್ತು.

ಉದ್ದದ ಉಳಿತಾಯಕ್ಕಿಂತ ಮುಖ್ಯವಾದುದು ಆವೃತ್ತಿಯ ಬದಲಾವಣೆಗೆ ಪಥ ತೋರುವ ಸಹನೆ. ಆವೃತ್ತಿಯು 1.8ರಿಂದ 2.2 ಗಿಗಾಹರ್ಟ್ಸ್‌ವರೆಗೆ ಬದಲಾದಾಗ 100 ಮಿಲಿಮೀಟರ್ ಪಥದ ಪ್ರಾವಸ್ಥೆಯು ಎರಡೂ ಕಡೆಗೆ 36 ಡಿಗ್ರಿಗಳಷ್ಟು ಓಲಾಡುತ್ತದೆ. ಒಂದು ಕೋಶದ ಸಂಯುಕ್ತ ಪಥದಲ್ಲಿ ಈ ಓಲಾಟ ಸುಮಾರು 6 ಡಿಗ್ರಿ ಮಾತ್ರ. ಆದರೆ ಕೋಶಗಳ ಸಂಖ್ಯೆ ಹೆಚ್ಚಿದಂತೆ ಈ ಲಾಭ ಕರಗುತ್ತದೆ ಎಂಬುದೂ ಗಮನಾರ್ಹ. ನಾಲ್ಕು ಕೋಶಗಳ, 33 ಮಿಲಿಮೀಟರ್ ಉದ್ದದ ಪಥದಲ್ಲಿ ಪ್ರಾವಸ್ಥೆ ಬದಲಾಗುವ ದರ ಗಿಗಾಹರ್ಟ್ಸ್‌ಗೆ 120 ಡಿಗ್ರಿ. ರೂಢಿಯ ಪಥದಲ್ಲಿ 180 ಡಿಗ್ರಿ. ಆದುದರಿಂದ ಸಂಯುಕ್ತ ಪಥದ ಅನುಕೂಲವು ಕಡಿಮೆ ಕೋಶಗಳ, ಸಣ್ಣ ಪಲ್ಲಟಗಳ ಸಂದರ್ಭದಲ್ಲಿ ಅತಿ ಹೆಚ್ಚು. ಟೊರಾಂಟೊ ತಂಡದವರು 2003ರಲ್ಲಿ ಪ್ರಕಟಿಸಿದ, ಹಿನ್ನಡೆ ಮುನ್ನಡೆಗಳೆರಡನ್ನೂ ಕೊಡಬಲ್ಲ ಕಿರುಗಾತ್ರದ ಪಲ್ಲಟಕಗಳು ಇದೇ ತತ್ತ್ವವನ್ನು ಆಧರಿಸಿದ್ದವು.

6. ಹೊಂದಿಸುವಿಕೆಯ ತೊಡಕು

ಸ್ಥಿರ ಪಲ್ಲಟಕವನ್ನು ಹೊಂದಿಸಬಲ್ಲುದಾಗಿ ಮಾರ್ಪಡಿಸಲು ಮೊದಲು ಹೊಳೆಯುವ ಉಪಾಯವೆಂದರೆ ಧಾರಕದ ಸ್ಥಾನದಲ್ಲಿ ವ್ಯಾರಾಕ್ಟರ್ ಡಯೋಡನ್ನು ಇರಿಸುವುದು. ಹಿಮ್ಮುಖ ವೋಲ್ಟೇಜ್ ಹೆಚ್ಚಿಸಿದಂತೆ ಈ ಡಯೋಡಿನ ಧಾರಕತೆ ಕುಗ್ಗುತ್ತದೆ. ವ್ಯಾರಾಕ್ಟರ್ ಅಳವಡಿಸಿದ ಎಡಗೈ ಪಥದ ಪಲ್ಲಟಕವನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ವರದಿ ಮಾಡಿದರು. 2006ರಲ್ಲಿ ಸ್ವೀಡನ್ನಿನ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದವರು ಡಯೋಡುಗಳ ಬದಲು ಫೆರೋಎಲೆಕ್ಟ್ರಿಕ್ ವ್ಯಾರಾಕ್ಟರುಗಳನ್ನು ಬಳಸಿದರು.

ಧಾರಕತೆಯೊಂದನ್ನೇ ಬದಲಿಸಿದರೆ ಆಗುವ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ಸರಳತೆಗಾಗಿ ಬಲಗೈ ಅಂಶವನ್ನು ಬದಿಗಿರಿಸಿ, ಮೇಲಿನ ಎಡಗೈ ಕೋಶದ ಧಾರಕತೆಯನ್ನು 1.52ರಿಂದ 6.08 ಪಿಕೋಫ್ಯಾರಡ್‌ವರೆಗೆ, ಎಂದರೆ ನಾಲ್ಕು ಪಟ್ಟು, ಬದಲಿಸಲಾಗಿದೆ ಎಂದಿಟ್ಟುಕೊಂಡರೆ ಮುನ್ನಡೆಯು 42 ಡಿಗ್ರಿಗಳಿಂದ 21 ಡಿಗ್ರಿಗಳಿಗೆ ಇಳಿಯುತ್ತದೆ. ಲಭಿಸಿದ ವ್ಯಾಪ್ತಿ ಕೋಶಕ್ಕೆ ಸುಮಾರು 21 ಡಿಗ್ರಿ. ಪೂರ್ಣ 360 ಡಿಗ್ರಿಗೆ 17 ಕೋಶಗಳು ಬೇಕು. ಆದರೆ ಅದೇ ವೇಳೆಗೆ ಪಥದ ಪ್ರತಿಬಾಧೆಯು 70.7 ಓಮ್‌ನಿಂದ 35.4 ಓಮ್‌ಗೆ ಜಾರುತ್ತದೆ. 50 ಓಮ್ ಮಂಡಲದ ನಡುವೆ ಇಂತಹ ಪಥವನ್ನು ಇಟ್ಟಾಗ ಎರಡೂ ತುದಿಗಳ ಪ್ರತಿಫಲನಗಳು ಒಂದಕ್ಕೊಂದು ಕೂಡಿಕೊಂಡರೆ, ಒಳಬಂದ ಶಕ್ತಿಯ 11 ಪ್ರತಿಶತದವರೆಗೆ ಹಿಂದಕ್ಕೆ ಮರಳಬಹುದು. ಪ್ರಾವಸ್ಥೆಯನ್ನು ಬದಲಿಸಿದಂತೆಲ್ಲ ಪಾರವೂ ಬದಲಾಗುವ ಪಲ್ಲಟಕ ಸರಣಿಗೆ ಯೋಗ್ಯವಲ್ಲ.

ತೊಡಕಿನ ಮೂಲ ಸ್ಪಷ್ಟ. ಪ್ರಾವಸ್ಥೆಯು ಪ್ರೇರಕತೆ ಧಾರಕತೆಗಳ ಗುಣಲಬ್ಧವನ್ನೂ, ಪ್ರತಿಬಾಧೆಯು ಅವುಗಳ ಅನುಪಾತವನ್ನೂ ಅವಲಂಬಿಸಿವೆ. ಅನುಪಾತ ಕದಲದಂತೆ ಗುಣಲಬ್ಧವನ್ನು ಬದಲಿಸಬೇಕಾದರೆ ಎರಡನ್ನೂ ಒಟ್ಟಿಗೆ ಬದಲಿಸುವುದೊಂದೇ ದಾರಿ. ಎರಡನ್ನೂ ನಾಲ್ಕು ಪಟ್ಟು ಬದಲಿಸಿದರೆ ಮುನ್ನಡೆಯು 15ರಿಂದ 60 ಡಿಗ್ರಿವರೆಗೆ ವ್ಯಾಪಿಸುತ್ತದೆ. ಪ್ರತಿಬಾಧೆ 50 ಓಮ್‌ನ ಸಮೀಪವೇ ನಿಲ್ಲುತ್ತದೆ. ಕೋಶಕ್ಕೆ 45 ಡಿಗ್ರಿಗಳ ವ್ಯಾಪ್ತಿ ದೊರೆಯುವುದರಿಂದ 360 ಡಿಗ್ರಿಗೆ 8 ಕೋಶಗಳು ಸಾಕು. ಆತಿಥೇಯ ಪಥದ 30 ಡಿಗ್ರಿಗಳ ಹಿನ್ನಡೆಯನ್ನು ಸೇರಿಸಿದರೆ ಪ್ರತಿ ಕೋಶವೂ 15 ಡಿಗ್ರಿ ಹಿನ್ನಡೆಯಿಂದ 30 ಡಿಗ್ರಿ ಮುನ್ನಡೆಯವರೆಗೆ ಚಲಿಸುತ್ತದೆ. ಕೋಶದ ಪ್ರಾವಸ್ಥೆ 60 ಡಿಗ್ರಿಯನ್ನು ಸಮೀಪಿಸಿದಾಗ ಮೇಲಿನ ಸರಳ ಸೂತ್ರಗಳ ನಿಖರತೆ ಕಡಿಮೆಯಾಗುವುದರಿಂದ ಅಂತಿಮ ಬೆಲೆಗಳನ್ನು ಗಣಕದ ನೆರವಿನಿಂದ ತಿದ್ದಿಕೊಳ್ಳಬೇಕಾಗುತ್ತದೆ.

7. ಪ್ರೇರಕತೆಯನ್ನು ಬದಲಿಸುವ ಮಾರ್ಗಗಳು

ಧಾರಕತೆಯನ್ನು ಬದಲಿಸಲು ವ್ಯಾರಾಕ್ಟರ್ ಇದೆ. ಪ್ರೇರಕತೆಯನ್ನು ಬದಲಿಸಲು ಅಷ್ಟು ಸರಳವಾದ ಘಟಕ ಇಲ್ಲ. ಈ ಕೊರತೆಯನ್ನು ನೀಗಲು ಎರಡು ಮಾರ್ಗಗಳು ಬಳಕೆಗೆ ಬಂದಿವೆ.

ಮೊದಲನೆಯದು ಸಕ್ರಿಯ ಪ್ರೇರಕ. ಟ್ರಾನ್ಸಿಸ್ಟರುಗಳನ್ನು ಪರಸ್ಪರ ಮರುಪೂರಣದಲ್ಲಿ ಜೋಡಿಸಿದಾಗ ಸಣ್ಣ ಧಾರಕವೊಂದು ಹೊರಗಿನಿಂದ ಪ್ರೇರಕದಂತೆ ವರ್ತಿಸುತ್ತದೆ. ಟ್ರಾನ್ಸಿಸ್ಟರುಗಳ ವಿದ್ಯುತ್ ಪ್ರವಾಹವನ್ನು ಬದಲಿಸಿ ಪ್ರೇರಕತೆಯನ್ನು ಬದಲಿಸಬಹುದು. ಟೊರಾಂಟೊದ ಸಂಶೋಧಕರು 2007ರಲ್ಲಿ ಸೀಮಾಸ್ ತಂತ್ರಜ್ಞಾನದ ಇಂತಹ ಪ್ರೇರಕಗಳನ್ನೂ ವ್ಯಾರಾಕ್ಟರುಗಳನ್ನೂ ಸೇರಿಸಿ, 2.5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಹಿನ್ನಡೆ ಮುನ್ನಡೆಗಳೆರಡನ್ನೂ ಕೊಡುತ್ತಲೇ ಹೊಂದಾಣಿಕೆಯನ್ನು ಉಳಿಸಿಕೊಳ್ಳುವ ಪಲ್ಲಟಕಗಳನ್ನು ವರದಿ ಮಾಡಿದರು. ಸುರುಳಿಯ ಅಗತ್ಯವಿಲ್ಲದಿರುವುದರಿಂದ ಸಾಧನವು ಅರೆವಾಹಕ ಚಿಪ್ಪಿನ ಮೇಲೆ ಅತ್ಯಲ್ಪ ಸ್ಥಳದಲ್ಲಿ ಅಡಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಟ್ರಾನ್ಸಿಸ್ಟರುಗಳ ಗದ್ದಲ, ನಿರಂತರ ವಿದ್ಯುತ್ ವ್ಯಯ ಮತ್ತು ದೊಡ್ಡ ಸಂಕೇತಗಳಿಗೆ ಉಂಟಾಗುವ ವಿರೂಪ.

ಎರಡನೆಯ ಮಾರ್ಗದಲ್ಲಿ ಪ್ರೇರಕವನ್ನು ಸ್ಥಿರವಾಗಿಯೇ ಬಿಟ್ಟು, ಅದಕ್ಕೆ ಸಮಾಂತರವಾಗಿ ಇನ್ನೊಂದು ವ್ಯಾರಾಕ್ಟರನ್ನು ಇಡಲಾಗುತ್ತದೆ. ಅಡ್ಡ ಭುಜದಲ್ಲಿನ ಈ ಧಾರಕತೆಯನ್ನು ಬದಲಿಸಿದಾಗ ಆ ಭುಜದ ನಿವ್ವಳ ಪ್ರೇರಕ ಗುಣವೂ ಬದಲಾಗುತ್ತದೆ. ಮೇಲಿನ ಉದಾಹರಣೆಯನ್ನೇ ಮುಂದುವರಿಸಿದರೆ, ಕೋಶವು 15 ಡಿಗ್ರಿ ಮುನ್ನಡೆಯಿಂದ 15 ಡಿಗ್ರಿ ಹಿನ್ನಡೆಗೆ ಸಾಗಲು ಸರಣಿ ಧಾರಕತೆಯು 2.03ರಿಂದ 6.08 ಪಿಕೋಫ್ಯಾರಡ್‌ಗೂ, ಅಡ್ಡ ಧಾರಕತೆಯು 0.42ರಿಂದ 1.25 ಪಿಕೋಫ್ಯಾರಡ್‌ಗೂ ಬದಲಾಗಬೇಕು. ಎರಡೂ ಮೂರು ಪಟ್ಟು. ಎರಡೂ ಒಂದೇ ದಿಕ್ಕಿನಲ್ಲಿ. ಕೋಶಕ್ಕೆ 30 ಡಿಗ್ರಿಯಂತೆ 12 ಕೋಶಗಳಲ್ಲಿ ಪೂರ್ಣ ಆವರ್ತ ಪೂರೈಸುತ್ತದೆ.

ತುದಿಯ ಬೆಲೆಗಳ ಈ ಸಾಮ್ಯವನ್ನು ಕಂಡು, ಎರಡೂ ವ್ಯಾರಾಕ್ಟರುಗಳಿಗೆ ಒಂದೇ ನಿಯಂತ್ರಣ ವೋಲ್ಟೇಜ್ ಸಾಕೆಂದು ತೀರ್ಮಾನಿಸುವುದು ಸಹಜ. ಆದರೆ ಆ ತೀರ್ಮಾನ ತಪ್ಪು. ನಿವ್ವಳ ಪ್ರಾವಸ್ಥೆ ಸೊನ್ನೆಯಾಗುವ ನಡುವಣ ಸ್ಥಿತಿಯಲ್ಲಿ ಸರಣಿ ಧಾರಕತೆಯು ತನ್ನ ಕನಿಷ್ಠ ಬೆಲೆಯ ಒಂದೂವರೆ ಪಟ್ಟು, ಅಡ್ಡ ಧಾರಕತೆಯು ತನ್ನ ಕನಿಷ್ಠ ಬೆಲೆಯ ಎರಡು ಪಟ್ಟು ಇರಬೇಕು. ಎರಡೂ ಒಂದೇ ಪ್ರಮಾಣದಲ್ಲಿ ಏರಿದರೆ, ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನವರೆಗಿನ ವಲಯದಲ್ಲಿ ಸರಣಿ ಭುಜವು ಆಗಲೇ ಪ್ರೇರಕವಾಗಿದ್ದು, ಅಡ್ಡ ಭುಜವು ಇನ್ನೂ ಪ್ರೇರಕವಾಗಿಯೇ ಉಳಿದಿರುತ್ತದೆ. ಸಮತೋಲ ತಪ್ಪಿ, ಕಾರ್ಯಾವೃತ್ತಿಯೇ ನಿಷಿದ್ಧ ಪಟ್ಟಿಯೊಳಗೆ ಸಿಲುಕುತ್ತದೆ. ಒಂದು ಕೋಶದಲ್ಲಿ ಇದರ ಪರಿಣಾಮ ಅತ್ಯಲ್ಪವಾದ್ದರಿಂದ ಪರೀಕ್ಷೆಯಲ್ಲಿ ಕಣ್ಣಿಗೆ ಬೀಳದೆ ಹೋಗಬಹುದು. 12 ಕೋಶಗಳನ್ನು ಜೋಡಿಸಿದಾಗ ಆ ವಲಯದ ಮಧ್ಯದಲ್ಲಿ ಒಳಬಂದ ಶಕ್ತಿಯ ಅರ್ಧಕ್ಕೆ ಸಮೀಪದ ಪಾಲು ಪ್ರತಿಫಲನಗೊಂಡು ಹಿಂದಿರುಗುತ್ತದೆ. ಪಲ್ಲಟಕದ ಎರಡೂ ತುದಿಗಳಲ್ಲಿ ಅಳತೆ ಸರಿಯಿದ್ದು ನಡುವೆ ಮಾತ್ರ ಸಂಕೇತ ಕುಸಿಯುವ ಇಂತಹ ದೋಷಕ್ಕೆ ಪರಿಹಾರವೆಂದರೆ ಸರಣಿ ಮತ್ತು ಅಡ್ಡ ವ್ಯಾರಾಕ್ಟರುಗಳಿಗೆ ಪ್ರತ್ಯೇಕ ವೋಲ್ಟೇಜುಗಳನ್ನು ಒದಗಿಸಿ, ಪ್ರತಿ ಪ್ರಾವಸ್ಥೆಗೂ ತಕ್ಕ ಜೋಡಿ ಬೆಲೆಗಳನ್ನು ಮುಂಚಿತವಾಗಿ ಅಳೆದು ಪಟ್ಟಿ ಮಾಡಿಕೊಳ್ಳುವುದು.

8. ನಷ್ಟ, ವಿರೂಪ ಮತ್ತು ಘಟಕಗಳ ಆಯ್ಕೆ

ಪ್ರತಿಯೊಂದು ವ್ಯಾರಾಕ್ಟರಿಗೂ ಒಳರೋಧ ಇರುತ್ತದೆ. 50 ಓಮ್ ಪಥದ ಸರಣಿ ಭುಜದಲ್ಲಿ 1 ಓಮ್ ರೋಧವಿದ್ದರೆ ಪ್ರತಿ ಕೋಶದಲ್ಲಿ ಸುಮಾರು 0.087 ಡೆಸಿಬೆಲ್ ನಷ್ಟವಾಗುತ್ತದೆ. 12 ಕೋಶಗಳಲ್ಲಿ ಇದು 1 ಡೆಸಿಬೆಲ್ ದಾಟುತ್ತದೆ, ಅಂದರೆ ಶಕ್ತಿಯ ಐದನೆಯ ಒಂದು ಭಾಗ ಶಾಖವಾಗಿ ಹೋಗುತ್ತದೆ. ಗುಣಾಂಕ 50 ಇರುವ ಚಿಪ್ ಪ್ರೇರಕಗಳು ಇದಕ್ಕೆ ಇನ್ನೂ ಸುಮಾರು ಅರ್ಧ ಡೆಸಿಬೆಲ್ ಸೇರಿಸುತ್ತವೆ. ಅಡ್ಡ ವ್ಯಾರಾಕ್ಟರಿನ ನಷ್ಟ ಬೇರೆ. ಪಲ್ಲಟಕಗಳ ಯೋಗ್ಯತೆಯನ್ನು ಒಂದು ಡೆಸಿಬೆಲ್ ನಷ್ಟಕ್ಕೆ ಎಷ್ಟು ಡಿಗ್ರಿ ದೊರೆಯುತ್ತದೆ ಎಂಬ ಅಳತೆಯಿಂದ ತೂಗುವುದು ಈ ಕಾರಣಕ್ಕಾಗಿ. ಕೋಶಗಳ ಸಂಖ್ಯೆಯನ್ನು ಕಡಿಮೆ ಮಾಡುವ ಪ್ರತಿಯೊಂದು ಉಪಾಯವೂ ನೇರವಾಗಿ ನಷ್ಟವನ್ನು ತಗ್ಗಿಸುತ್ತದೆ.

ಅರೆವಾಹಕ ವ್ಯಾರಾಕ್ಟರಿನ ಧಾರಕತೆಯನ್ನು ನಿಯಂತ್ರಣ ವೋಲ್ಟೇಜಿನಂತೆ ಸಂಕೇತದ ವೋಲ್ಟೇಜೂ ಬದಲಿಸುತ್ತದೆ. ಸಂಕೇತ ದೊಡ್ಡದಾದಾಗ ಹೊಸ ಆವೃತ್ತಿಗಳು ಹುಟ್ಟಿ ವಿರೂಪ ಉಂಟಾಗುತ್ತದೆ. ಎರಡು ಡಯೋಡುಗಳನ್ನು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಸರಣಿಯಾಗಿ ಜೋಡಿಸಿದರೆ ಈ ವಿರೂಪವು ಬಹುಮಟ್ಟಿಗೆ ರದ್ದಾಗುತ್ತದೆ. ಆದರೆ ಒಳರೋಧ ಇಮ್ಮಡಿಯಾಗುತ್ತದೆ. ಬೇರಿಯಂ ಸ್ಟ್ರಾಂಷಿಯಂ ಟೈಟನೇಟ್‌ನಂತಹ ಫೆರೋಎಲೆಕ್ಟ್ರಿಕ್ ಪದರಗಳು ಹೆಚ್ಚಿನ ಶಕ್ತಿಯನ್ನು ತಾಳಿಕೊಳ್ಳುತ್ತವೆ, ಆದರೆ ಅವುಗಳ ಗುಣ ಉಷ್ಣತೆಯೊಂದಿಗೆ ಬದಲಾಗುತ್ತದೆ. ಸೂಕ್ಷ್ಮ ಯಾಂತ್ರಿಕ ಸ್ವಿಚ್ಚುಗಳಲ್ಲಿ ನಷ್ಟವೂ ವಿರೂಪವೂ ಅತ್ಯಲ್ಪ; ಆದರೆ ಅವು ಚಲಿಸಲು ಮೈಕ್ರೋಸೆಕೆಂಡುಗಳ ಅವಧಿ ಬೇಕು. ದ್ರವಸ್ಫಟಿಕಗಳು ಉನ್ನತ ಆವೃತ್ತಿಗಳಿಗೆ ಒಪ್ಪುತ್ತವಾದರೂ ಮಂದಗತಿಯವು. ಉಪಯೋಗವನ್ನು ನೋಡಿ ಘಟಕವನ್ನು ಆರಿಸಬೇಕೇ ಹೊರತು ಎಲ್ಲಕ್ಕೂ ಸಲ್ಲುವ ಒಂದು ಘಟಕವಿಲ್ಲ.

ನಿರ್ಮಾಣದಲ್ಲಿ ಇನ್ನೆರಡು ಎಚ್ಚರಿಕೆಗಳು ಅಗತ್ಯ. ಪ್ರೇರಕವನ್ನು ಭೂಫಲಕಕ್ಕೆ ಸೇರಿಸುವ ಲೋಹದ ರಂಧ್ರಕ್ಕೂ ತನ್ನದೇ ಆದ ಪ್ರೇರಕತೆ ಇರುವುದರಿಂದ ಅದನ್ನು ಲೆಕ್ಕದಲ್ಲಿ ಕಳೆಯಬೇಕು. ಚಿಪ್ ಪ್ರೇರಕಗಳು ತಮ್ಮ ಸ್ವಯಂ ಅನುರಣನದ ಆವೃತ್ತಿಯನ್ನು ಮೀರಿದರೆ ಧಾರಕಗಳಂತೆ ವರ್ತಿಸುತ್ತವೆ. ಕಾರ್ಯಾವೃತ್ತಿಯು ಅದರಿಂದ ಸಾಕಷ್ಟು ಕೆಳಗಿರಬೇಕು. ಇವೆರಡನ್ನು ಕಡೆಗಣಿಸಿದರೆ ಸಮತೋಲದ ಆವೃತ್ತಿ ಸ್ಥಳ ಬದಲಿಸುತ್ತದೆ.

9. ಮಿತಿಗಳು

ಮೆಟಾಮೆಟೀರಿಯಲ್ ಎಂಬ ಹೆಸರಿನ ಸುತ್ತ ಉತ್ಪ್ರೇಕ್ಷೆಗಳು ಕಡಿಮೆಯಿಲ್ಲ. ವಿದ್ಯುತ್ ಮಂಡಲದ ದೃಷ್ಟಿಯಿಂದ ಎಡಗೈ ಪಥವು ಬಹುಕಾಲದಿಂದ ಪರಿಚಿತವಾದ ಉನ್ನತ ಆವೃತ್ತಿ ಶೋಧಕದ ಏಣಿಯೇ. ಹೊಸತೆಂದರೆ ಅದನ್ನು ಮಾಧ್ಯಮವಾಗಿ ಕಾಣುವ ದೃಷ್ಟಿ, ಮತ್ತು ಬಲಗೈ ಅಂಶದೊಡನೆ ಅದನ್ನು ಸಮತೋಲಗೊಳಿಸುವ ವಿಧಾನ. ಈ ದೃಷ್ಟಿ ಉಪಯುಕ್ತವಾಗುವುದು ಕೋಶದ ಉದ್ದವು ತರಂಗಾಂತರಕ್ಕಿಂತ ಬಹಳ ಕಡಿಮೆ ಇದ್ದಾಗ. ಮೇಲಿನ ಉದಾಹರಣೆಯಲ್ಲಿ ಅದು ಹನ್ನೆರಡನೆಯ ಒಂದು ಭಾಗ.

ಇನ್ನೊಂದು ಭೇದವನ್ನೂ ಮರೆಯಬಾರದು. ಆವೃತ್ತಿಯೊಡನೆ ಬದಲಾಗದ ಪ್ರಾವಸ್ಥೆ ಬೇರೆ, ಆವೃತ್ತಿಯೊಡನೆ ಬದಲಾಗದ ವಿಳಂಬ ಬೇರೆ. ಆಂಟೆನಾಗಳನ್ನು ಒಂದರ ಮುಂದೊಂದರಂತೆ ಒಂದೇ ಪಥದಿಂದ ಉಣಿಸುವ ಸರಣಿಯಲ್ಲಿ ಸೊನ್ನೆ ಪ್ರಾವಸ್ಥೆಯ ಕಿರುಪಥವು ಪುಂಜದ ಓಲಾಟವನ್ನು ತಗ್ಗಿಸುತ್ತದೆ. ಆದರೆ ಅತಿ ವಿಶಾಲ ಆವೃತ್ತಿ ವ್ಯಾಪ್ತಿಯ ಪುಂಜವನ್ನು ಪಕ್ಕಕ್ಕೆ ವಾಲಿಸುವಾಗ ಪ್ರತಿ ಆಂಟೆನಾಕ್ಕೂ ಬೇಕಾಗುವುದು ನಿಜವಾದ ಕಾಲವಿಳಂಬ. ಅಲ್ಲಿ ಸಂಯುಕ್ತ ಪಥದ ಪಲ್ಲಟಕವು ರೂಢಿಯ ವಿಳಂಬ ಪಥದ ಸ್ಥಾನವನ್ನು ತುಂಬಲಾರದು.

10. ಉಪಸಂಹಾರ

ಭಾರತಕ್ಕೆ ಸೂಕ್ಷ್ಮತರಂಗಗಳ ಸಂಶೋಧನೆ ಹೊಸದಲ್ಲ. ಜಗದೀಶಚಂದ್ರ ಬೋಸರು 1895ರಷ್ಟು ಹಿಂದೆಯೇ ಕೋಲ್ಕತ್ತದಲ್ಲಿ ಮಿಲಿಮೀಟರ್ ಅಳತೆಯ ತರಂಗಗಳ ಪ್ರಯೋಗಗಳನ್ನು ನಡೆಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1953ರಿಂದ ಅಧ್ಯಾಪನ ನಡೆಸಿದ, ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಗುರುತಿಸಲಾಗುವ ರಾಜೇಶ್ವರಿ ಚಟರ್ಜಿ ಅವರು ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಡನೆ ಸೂಕ್ಷ್ಮತರಂಗ ಮತ್ತು ಆಂಟೆನಾ ಸಂಶೋಧನೆಗೆ ಈ ನಾಡಿನಲ್ಲಿ ತಳಹದಿ ಹಾಕಿದರು. ಅವರ ಕಾಲದಲ್ಲಿ ತರಂಗನಳಿಕೆ ಮತ್ತು ಫೆರೈಟ್‌ಗಳು ಮಾಡುತ್ತಿದ್ದ ಕೆಲಸವನ್ನು ಈಗ ಕೆಲವು ಮಿಲಿಮೀಟರ್ ಉದ್ದದ ಫಲಕದ ಮೇಲೆ ಸಾಧಿಸಲು ಸಾಧ್ಯವಾಗಿದೆ.

ಮೇಲಿನ ಚರ್ಚೆಯಿಂದ ಮೂರು ಅಂಶಗಳನ್ನು ಸಂಗ್ರಹಿಸಬಹುದು. ಮೊದಲನೆಯದಾಗಿ, ಸಂಯುಕ್ತ ಪಥವು ಕಡಿಮೆ ಉದ್ದದಲ್ಲಿ ಹಿನ್ನಡೆ ಮುನ್ನಡೆಗಳೆರಡನ್ನೂ ಕೊಡಬಲ್ಲುದು. ಎರಡನೆಯದಾಗಿ, ಅದನ್ನು ಹೊಂದಿಸಬಲ್ಲುದಾಗಿ ಮಾಡುವಾಗ ಒಂದೇ ಘಟಕವನ್ನು ಬದಲಿಸಿದರೆ ಹೊಂದಾಣಿಕೆ ಕೆಡುತ್ತದೆ. ಸರಣಿ ಮತ್ತು ಅಡ್ಡ ಭುಜಗಳೆರಡನ್ನೂ, ಸಮತೋಲ ತಪ್ಪದಂತೆ, ಪ್ರತ್ಯೇಕವಾಗಿ ನಿಯಂತ್ರಿಸಬೇಕು. ಮೂರನೆಯದಾಗಿ, ಅಂತಿಮ ಯೋಗ್ಯತೆಯನ್ನು ನಿರ್ಧರಿಸುವುದು ಘಟಕಗಳ ನಷ್ಟ. ಈ ಮೂರನ್ನೂ ಮೊದಲ ಹಂತದಲ್ಲಿಯೇ ಲೆಕ್ಕಕ್ಕೆ ತೆಗೆದುಕೊಂಡ ವಿನ್ಯಾಸವು ಸಾಧಾರಣ ಮುದ್ರಿತ ಫಲಕ, ಮಾರುಕಟ್ಟೆಯ ಡಯೋಡುಗಳು ಮತ್ತು ಜಾಲ ವಿಶ್ಲೇಷಕ ಉಪಕರಣ ಇಷ್ಟರಿಂದಲೇ ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಕೈಗೂಡಬಲ್ಲದು. ಸೂಕ್ಷ್ಮತರಂಗ ಮಂಡಲಗಳ ಅಧ್ಯಯನವನ್ನು ಕೈಗೊಳ್ಳುವ ವಿದ್ಯಾರ್ಥಿಗೆ ಒಂದು ಕೋಶವನ್ನು ಕಟ್ಟಿ, ಅದರ ಪ್ರಾವಸ್ಥೆಯು ಹಿನ್ನಡೆಯಿಂದ ಸೊನ್ನೆಯನ್ನು ದಾಟಿ ಮುನ್ನಡೆಗೆ ಸರಿಯುವುದನ್ನು ಅಳೆದು ನೋಡುವುದು ಉತ್ತಮ ಆರಂಭವಾದೀತು.